ಹೆಸರಿನ ಜೊತೆ ಮೂಲವನ್ನೂ ಬರೆಸಿ: ಗೋಡೆಗಳ ಮೇಲಿನ ನುಡಿಮುತ್ತುಗಳ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ:
ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನಿರ್ದೇಶಕರು, ಹಾಗೂ ಗೋಡೆಗೆ ನುಡಿಮುತ್ತು ಬರೆಸುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಪಂಚಾಯಿತಿ, ಬ್ಯಾಂಕು, ಸಾರಿಗೆ ಸಂಸ್ಥೆಗಳ ಎಲ್ಲ ಅಧಿಕಾರಿಗಳಿಗೆ

ಮಾನ್ಯರೇ,

ಶಾಲೆಯ ಹೊರಗೋಡೆ, ತಾಲ್ಲೂಕು ಕಚೇರಿಯ ಪಡಸಾಲೆ, ಬಸ್ಸಿನಲ್ಲಿ ಚಾಲಕರ ಹಿಂದಿನ ತಗಡು, ಬ್ಯಾಂಕಿನ ಕೌಂಟರಿನ ಮೇಲ್ಭಾಗ. ಜಾಗ ಸಿಕ್ಕಲ್ಲೆಲ್ಲ ದೊಡ್ಡವರ ಮಾತೊಂದನ್ನು ಬರೆಸುವ ಪದ್ಧತಿ ನಮ್ಮಲ್ಲಿದೆ. ಅದನ್ನು ನಿಲ್ಲಿಸಿ ಎನ್ನಲು ಈ ಪತ್ರವಲ್ಲ. ಕೋರಿಕೆ ಇಷ್ಟೇ: ಮಾತಿನ ಕೆಳಗೆ ಬರೀ ಹೆಸರು ಬೇಡ, ಮೂಲವನ್ನೂ ಬರೆಸಿ. ಯಾವ ಕೃತಿ, ಯಾವ ಅಂಕಿತದ ವಚನ, ಯಾವ ವರ್ಷದ ಭಾಷಣ ಎಂಬುದು ಸಣ್ಣ ಅಕ್ಷರದಲ್ಲಾದರೂ ಇರಲಿ. ಹುಡುಕಿಯೂ ಸಿಗದಿದ್ದರೆ ಮಾತನ್ನು ಉಳಿಸಿಕೊಂಡು ಹೆಸರನ್ನು ಕೈಬಿಡಿ.

ಕರಡು ತಿದ್ದುವುದು, ಉದ್ಧರಣೆಗಳನ್ನು ಮೂಲದ ಜೊತೆ ತಾಳೆ ನೋಡುವುದು ನಮ್ಮ ಕಸುಬು. ಅಲ್ಲಿ ಎದುರಾಗುವ ತಪ್ಪುಗಳು ನಾಲ್ಕಾರು ಬಗೆಯವಷ್ಟೇ, ಮತ್ತೆ ಮತ್ತೆ ಅವೇ. ಆದ್ದರಿಂದ ತಡೆಯುವುದೂ ಕಷ್ಟವಲ್ಲ.

ಎಲ್ಲರ ಕಣ್ಣಿಗೂ ಬಿದ್ದಿರುವ ಒಂದು ಮಾತಿನಿಂದಲೇ ಶುರುಮಾಡೋಣ: ‘ಕಾಯಕವೇ ಕೈಲಾಸ’. ಕೆಳಗೆ ‘ಬಸವಣ್ಣ’ ಎಂದಿರುತ್ತದೆ. ವಚನ ಸಂಪುಟಗಳನ್ನು ತೆರೆದರೆ ಈ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ‘ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು’ ಎಂದು ಅದು ಮೊದಲಾಗುತ್ತದೆ. ಜಂಗಮ ಎದುರಿಗೆ ಬಂದು ನಿಂತರೂ ಅವನ ಹಂಗು ಹರಿಯಬೇಕು ಎಂದು ಮುಂದುವರಿದು, ಆಮೇಲೆ ಕಾರಣ ಕೊಡುತ್ತದೆ: ‘ಕಾಯಕವೆ ಕೈಲಾಸವಾದ ಕಾರಣ’. ಕೊನೆಯಲ್ಲಿರುವ ಅಂಕಿತ ಅಮರೇಶ್ವರಲಿಂಗ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು.

ಹೆಸರು ಬದಲಾದದ್ದರಿಂದ ಏನು ಕೆಟ್ಟಿತು ಎಂದು ಕೇಳಬಹುದು. ಮಾತಿನ ಕಾವೇ ಆರಿತು. ಶರಣರಿಗೆ ಗುರು, ಲಿಂಗ, ಜಂಗಮಕ್ಕಿಂತ ಮಿಗಿಲಾದದ್ದು ಮತ್ತೇನಿತ್ತು? ಆ ಮೂರನ್ನೂ ಒಂದೊಂದಾಗಿ ಹೆಸರಿಸಿ, ಕೆಲಸದ ಹೊತ್ತಿನಲ್ಲಿ ಅವೂ ಕಾಯಲಿ ಎನ್ನುತ್ತಾನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ಮನುಷ್ಯ. ಎರಡೇ ಪದ ಕತ್ತರಿಸಿ ಕಚೇರಿಯ ಗೋಡೆಗೆ ಅಂಟಿಸಿದಾಗ ಅದು ‘ಕಷ್ಟಪಟ್ಟು ದುಡಿಯಿರಿ’ ಎಂಬ ಮೇಲಧಿಕಾರಿಯ ಬುದ್ಧಿಮಾತಾಗುತ್ತದೆ. ಇದೇ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ತಡೆದು ನಿಲ್ಲಿಸಿದ ಮಾತೂ ವಚನವಾಗಿ ಉಳಿದಿದೆ: ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’. ಆಕೆಯ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನದನ್ನೂ ಹೆಂಡತಿಯದನ್ನೂ ಅಕ್ಕಪಕ್ಕ ಬರೆಸಿದ ಒಂದು ಸರ್ಕಾರಿ ಕಚೇರಿಯಾದರೂ ಇರಲಿ ಎಂಬುದು ನಮ್ಮ ಆಸೆ. ಲಂಚ ಕೊಡಬೇಡಿ, ಪಡೆಯಬೇಡಿ ಎಂಬ ಫಲಕಕ್ಕಿಂತ ಅದು ಹರಿತವಾಗಿರುತ್ತದೆ.

2024ರಲ್ಲಿ ಬಸವಣ್ಣನವರನ್ನು ಸರ್ಕಾರ ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಮೇಲೆ ಕಚೇರಿಗಳಿಗೆ ಅವರ ಭಾವಚಿತ್ರ ಬಂದಿದೆ. ಅದರ ಕೆಳಗೆ ಅವರದೇ ಮಾತು ಬೇಕೆಂದರೆ ಬರವಿಲ್ಲ. ‘ದಯವಿಲ್ಲದ ಧರ್ಮವದೇವುದಯ್ಯಾ’ ಇದೆ, ‘ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ’ ಇದೆ. ಕೊನೆಯದನ್ನು ಬರೆಸುವಾಗ ‘ಕಳ್ಳಬೇಡ’ ಎಂದು ಒತ್ತು ಸೇರದಂತೆ ನೋಡಿಕೊಂಡರಾಯಿತು.

ವಚನದ ಮಟ್ಟಿಗೆ ಅಂಕಿತವೇ ಸಹಿ. ಅದನ್ನು ಕತ್ತರಿಸಿದ ಕ್ಷಣದಿಂದ ಗೊಂದಲ ಶುರು. ಕೂಡಲಸಂಗಮದೇವ ಬಸವಣ್ಣನವರದು, ಕೂಡಲಚೆನ್ನಸಂಗಮದೇವ ಚೆನ್ನಬಸವಣ್ಣನವರದು; ನಡುವೆ ‘ಚೆನ್ನ’ ಇದೆಯೇ ಎಂದು ಕಣ್ಣಿಟ್ಟು ನೋಡಬೇಕು. ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿಯದು, ಕಪಿಲಸಿದ್ಧಮಲ್ಲಿಕಾರ್ಜುನ ಸಿದ್ಧರಾಮನದು. ಗುಹೇಶ್ವರ ಎಂದರೆ ಅಲ್ಲಮ, ರಾಮನಾಥ ಎಂದರೆ ಜೇಡರ ದಾಸಿಮಯ್ಯ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವನು. ಅಂಕಿತ ಎಂಥ ಗಂಭೀರ ವಿಷಯ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಬಸವಣ್ಣನವರ ಅಂಕಿತ ಬದಲಿಸಿದ್ದ ಸಂಕಲನವೊಂದನ್ನು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡದ್ದು ಇದೇ ಸರ್ಕಾರ. 2017ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಪುಸ್ತಕದಲ್ಲಿ ಅಂಕಿತ ಬದಲಾದರೆ ನ್ಯಾಯಾಲಯದವರೆಗೆ ಹೋಗುವ ನಾವು ಗೋಡೆಯ ಮೇಲೆ ಅದನ್ನು ಕತ್ತರಿಸಿ ಎಸೆದರೆ ಸುಮ್ಮನಿರುತ್ತೇವೆ.

ಹುಡುಕುವುದು ಈಗ ಕಷ್ಟವೇನಲ್ಲ. ಸಮಗ್ರ ವಚನ ಸಂಪುಟಗಳು 15 ಇವೆ, ಸರ್ಕಾರವೇ ತಂದದ್ದು. ವಚನ ಸಂಚಯ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಕೊಟ್ಟು ಹುಡುಕಬಹುದು. ಆದರೆ ಹುಡುಕುವ ರೀತಿ ತಿಳಿದಿರಬೇಕು. ‘ಕಾಯಕವೇ ಕೈಲಾಸ’ ಎಂದು ದೀರ್ಘ ಹಾಕಿ ಹುಡುಕಿದರೆ ಏನೂ ಸಿಗದೆ ಹೋಗಬಹುದು, ಏಕೆಂದರೆ ಮೂಲದಲ್ಲಿರುವುದು ಹ್ರಸ್ವದ ‘ಕಾಯಕವೆ’, ಅದರ ಮುಂದೆ ‘ಕೈಲಾಸವಾದ’ ಎಂಬ ಸಂಧಿ. ‘ಆದರೆ’ ಎನ್ನುವ ಕಡೆ ವಚನದಲ್ಲಿ ‘ಆದಡೆ’ ಇರುತ್ತದೆ, ‘ಇದ್ದರೆ’ ಎನ್ನುವ ಕಡೆ ‘ಇದ್ದಡೆ’. ಹಾಗಾಗಿ ಇಡೀ ಸಾಲನ್ನು ಹಾಕದೆ ಅದರಲ್ಲಿನ ಅಪರೂಪದ ಒಂದು ನಾಮಪದವನ್ನು ಪ್ರತ್ಯಯವಿಲ್ಲದೆ ಹಾಕಿ. ಎರಡು ನಿಮಿಷದ ಕೆಲಸ.

ಎರಡನೆಯ ಬಗೆಯ ತಪ್ಪಿಗೆ ದೂರ ಹೋಗಬೇಕಿಲ್ಲ. 2024ರ ಆರಂಭದಲ್ಲಿ ವಸತಿ ಶಾಲೆಗಳ ಬಾಗಿಲ ಮೇಲಿನ ‘ಜ್ಞಾನ ದೇಗುಲವಿದು, ಕೈಮುಗಿದು ಒಳಗೆ ಬಾ’ ಎಂಬುದು ಕೆಲವೆಡೆ ‘ಜ್ಞಾನ ದೇಗುಲವಿದು, ಧೈರ್ಯವಾಗಿ ಪ್ರಶ್ನಿಸಿ’ ಎಂದಾಯಿತು. ಕುವೆಂಪು ಅವರ ಸಾಲನ್ನು ತಿರುಚಿದರು ಎಂದು ಒಂದು ಕಡೆ, ಕುವೆಂಪು ಆಶಯಕ್ಕೆ ಇದೇ ಹತ್ತಿರ ಎಂದು ಇನ್ನೊಂದು ಕಡೆ ದೊಡ್ಡ ವಾಗ್ವಾದ ನಡೆಯಿತು. ಕುವೆಂಪು ಬರೆದದ್ದು ಸೋಮನಾಥಪುರದ ದೇವಾಲಯವನ್ನು ಕುರಿತು: ‘ಬಾಗಿಲೊಳು ಕೈಮುಗಿದು ಒಳಗೆ ಬಾ, ಯಾತ್ರಿಕನೆ, ಶಿಲೆಯಲ್ಲವೀ ಗುಡಿಯು ಕಲೆಯ ಬಲೆಯು’. ಅದರಲ್ಲಿ ಶಾಲೆಯೂ ಇಲ್ಲ, ಜ್ಞಾನ ದೇಗುಲವೂ ಇಲ್ಲ. ಹೊಯ್ಸಳ ಶಿಲ್ಪಿಯ ಕಲೆಗೆ ಕೈಮುಗಿ ಎಂದದ್ದನ್ನು ಯಾರೋ ಶಾಲೆಗೆ ಒಗ್ಗಿಸಿದರು, ಒಗ್ಗಿಸಿದ್ದೇ ಮೂಲವಾಗಿ ನಿಂತಿತು. ಬೋರ್ಡಿನ ಮೂಲೆಯಲ್ಲಿ ‘ಕುವೆಂಪು ಅವರ ಸಾಲಿನಿಂದ ಪ್ರೇರಿತ’ ಎಂದಿದ್ದಿದ್ದರೆ ಜಗಳ ಆಗುತ್ತಿರಲಿಲ್ಲ ಎನ್ನಲಾರೆವು. ಕನಿಷ್ಠ ಕುವೆಂಪು ಅವರನ್ನು ಎಳೆದಾಡುವುದು ತಪ್ಪುತ್ತಿತ್ತು. ಒಗ್ಗಿಸಿಕೊಂಡ ಮಾತಿಗೆ ಉದ್ಧರಣ ಚಿಹ್ನೆ ಹಾಕಬಾರದು ಎಂಬುದು ಅಚ್ಚುಮನೆಯ ಹಳೆಯ ನಿಯಮ. ಗೋಡೆಗೂ ಅದೇ ಸಾಕು.

ಕ್ರಮ ಬದಲಾಗುವುದು ಮತ್ತೊಂದು ರೋಗ. ಅಂಬೇಡ್ಕರ್ ಚಿತ್ರದ ಕೆಳಗೆ ‘ಶಿಕ್ಷಣ, ಸಂಘಟನೆ, ಹೋರಾಟ’ ಎಂದು ಬರೆದಿರುವುದೇ ಹೆಚ್ಚು. 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ಅವರು ಇಂಗ್ಲಿಷಿನಲ್ಲಿ ಹೇಳಿದ ಕ್ರಮ ಶಿಕ್ಷಣ, ಹೋರಾಟ, ಸಂಘಟನೆ. ಮೊದಲು ಸಂಘ ಕಟ್ಟಿ ಆಮೇಲೆ ಹೋರಾಡುವುದು ಸಹಜ ಎಂದು ತೋರಿ ಯಾರೋ ತಿದ್ದಿರಬೇಕು. ಓದು ಮನಸ್ಸನ್ನು ಕೆದಕಬೇಕು, ಕೆದಕಿದ ಮನಸ್ಸುಗಳು ಒಂದಾಗಬೇಕು ಎಂಬ ಓದಿಗೂ ಮೂಲದ ಕ್ರಮದಲ್ಲಿ ಜಾಗವಿದೆ. ಕ್ರಮ ಬದಲಿಸಿದರೆ ಆ ಓದೇ ಹೊರಟುಹೋಗುತ್ತದೆ. ಅವರ ಬರಹ ಮತ್ತು ಭಾಷಣಗಳ ಸಂಪುಟಗಳು ಕನ್ನಡದಲ್ಲೂ ಬಂದಿವೆ, ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿದರೆ ಸಿಗುತ್ತವೆ.

ಗಾಂಧೀಜಿಯವರ ಹೆಸರಿಗೆ ಆಗಿರುವಷ್ಟು ಅನ್ಯಾಯ ಬಹುಶಃ ಇನ್ಯಾರಿಗೂ ಆಗಿಲ್ಲ. ಬ್ಯಾಂಕುಗಳಲ್ಲಿ, ಸೊಸೈಟಿಗಳಲ್ಲಿ ‘ಗ್ರಾಹಕನೇ ನಮ್ಮ ಅತಿ ಮುಖ್ಯ ಅತಿಥಿ, ಅವನು ನಮ್ಮನ್ನು ಅವಲಂಬಿಸಿಲ್ಲ, ನಾವೇ ಅವನನ್ನು ಅವಲಂಬಿಸಿದ್ದೇವೆ’ ಎಂಬ ಫಲಕ ಇರುತ್ತದೆ. 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಡಿದ ಮಾತು ಎಂಬ ವಿವರವೂ ಕೆಲವೊಮ್ಮೆ ಜೊತೆಗಿರುತ್ತದೆ. 1890ರಲ್ಲಿ ಗಾಂಧಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿ. ದಕ್ಷಿಣ ಆಫ್ರಿಕಾಕ್ಕೆ ಹಡಗು ಹತ್ತಿದ್ದು 1893ರಲ್ಲಿ. ಆ ಮಾತಿನ ಧಾಟಿ 1940ರ ದಶಕದ ಅಮೆರಿಕದ ವ್ಯಾಪಾರಿಗಳದು. ವರ್ಷ ಮತ್ತು ಊರು ಎರಡನ್ನೂ ಜೀವನಚರಿತ್ರೆಯ ಜೊತೆ ತಾಳೆ ನೋಡಿದರೆ ಐದು ನಿಮಿಷದಲ್ಲಿ ಬಯಲಾಗುವ ಸುಳ್ಳು ಇದು.

‘ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ನೀವೇ ಆಗಿ’ ಎಂಬುದೂ ಅವರ ಬರಹದಲ್ಲಿ ಹಾಗೆ ಸಿಗುವುದಿಲ್ಲ. ಹತ್ತಿರದ್ದೊಂದು ಇದೆ: 1913ರಲ್ಲಿ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಬರೆಯುತ್ತಿದ್ದ ಮಾಲೆಯಲ್ಲಿ, ಅದೂ ಹಾವು ಕಡಿತದ ಕಂತಿನಲ್ಲಿ. ನಾವು ನಮ್ಮನ್ನು ಬದಲಿಸಿಕೊಂಡರೆ ಲೋಕದ ವರ್ತನೆಯೂ ಬದಲಾಗುತ್ತದೆ, ಬೇರೆಯವರು ಏನು ಮಾಡುತ್ತಾರೆಂದು ಕಾಯಬೇಕಿಲ್ಲ ಎಂಬುದು ಅದರ ಸಾರ. ಹಾವಿನ ಜೊತೆ ಮನುಷ್ಯ ಹೇಗೆ ಬಾಳಬೇಕು ಎಂಬಲ್ಲಿಂದ ಹೊರಟ ಆ ಮಾತು ಫಲಕದ ಮಾತಿಗಿಂತ ನೂರು ಪಾಲು ರುಚಿಯಾಗಿದೆ. ‘ಮೊದಲು ಕಡೆಗಣಿಸುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ, ಕೊನೆಗೆ ಗೆಲ್ಲುವುದು ನೀವೇ’ ಎಂಬುದರ ಹತ್ತಿರದ ರೂಪ ಸಿಗುವುದು ಅಮೆರಿಕದ ಬಟ್ಟೆ ಕಾರ್ಮಿಕರ ಸಂಘದ 1918ರ ಸಮಾವೇಶದಲ್ಲಿ ನಿಕೊಲಸ್ ಕ್ಲೈನ್ ಮಾಡಿದ ಭಾಷಣದಲ್ಲಿ. ಗಾಂಧೀಜಿಯವರ ಸಮಗ್ರ ಬರಹ 100 ಸಂಪುಟಗಳಲ್ಲಿದೆ, ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಹಣ ಕೊಡದೆ ಓದಬಹುದು. ಸಂಪುಟ ಸಂಖ್ಯೆ ಕೊಡಲಾಗದ ಗಾಂಧಿ ಮಾತನ್ನು ಬರೆಸದೇ ಇರುವುದು ಕ್ಷೇಮ. ಕಲಾಂ, ಐನ್‌ಸ್ಟೈನ್ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಬರುವವಕ್ಕೂ ಇದೇ ಕಟ್ಟಳೆ. ಪುಸ್ತಕ, ಅಧ್ಯಾಯ ಹೇಳಿ, ಇಲ್ಲವೇ ಬಿಡಿ.

ಮಾತು ಒಳ್ಳೆಯದಿದ್ದರೆ ಸಾಕು, ಯಾರು ಹೇಳಿದರೇನು ಎಂಬ ಉತ್ತರ ಅಧಿಕಾರಿಗಳಿಂದ ಬರುವುದುಂಟು. ನಿಜವೇ ಇರಬಹುದು. ಹಾಗಿದ್ದರೆ ಹೆಸರು ಬೇಡ. ಹೆಸರು ಹಾಕುವುದು ತೂಕಕ್ಕಾಗಿ ತಾನೆ? ತೂಕಕ್ಕೆ ಹಾಕಿದ ಕಲ್ಲು ಸರಿಯಿರಲಿ ಎಂದಷ್ಟೇ ಕೇಳುತ್ತಿದ್ದೇವೆ.

ಸರ್ವಜ್ಞನದು ಬೇರೆಯೇ ಕಥೆ. ಮೂರು ಸಾಲು ಗೀಚಿ ಕೊನೆಗೆ ‘ಸರ್ವಜ್ಞ’ ಎಂದರೆ ಆಯಿತು ಎಂದುಕೊಂಡವರು ಬಹಳ. ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು ಕೂಡಿಸಿದ ಸಂಗ್ರಹ 1924ರಲ್ಲಿ ಬಂತು. ಮೊದಲು ನೋಡಬೇಕಾದದ್ದು ಅದು ಮತ್ತು ಅದರ ನಂತರದ ಸಂಪಾದನೆಗಳು. ಪುಸ್ತಕ ಕೈಗೆ ಸಿಗದಾಗ ಒಂದು ಸುಲಭ ಜರಡಿ ಇದೆ. ಸರ್ವಜ್ಞನ ಮೂರು ಸಾಲಿನ ಪದ್ಯವಾದ ತ್ರಿಪದಿಯಲ್ಲಿ 11 ಗಣ, ಅಂದರೆ ಅಕ್ಷರಗಳ ಗುಂಪು. 6 ಮತ್ತು 10ನೆಯವು ಚಿಕ್ಕದಾದ ಬ್ರಹ್ಮಗಣ, ಉಳಿದವು ಅದಕ್ಕಿಂತ ದೊಡ್ಡದಾದ ವಿಷ್ಣುಗಣ. ಮೂರೂ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ‘ಸರ್ವಜ್ಞನೆಂಬುವನು ಗರ್ವದಿಂದಾದವನೆ’ ಎಂಬುದನ್ನು ನೋಡಿ: ಮುಂದಿನ ಸಾಲು ‘ಸರ್ವರೊಳಗೊಂದೊಂದು’ ಎಂದು, ಕೊನೆಯದು ‘ಪರ್ವತವೆ’ ಎಂದು ತೊಡಗುತ್ತದೆ. ಎಲ್ಲದರಲ್ಲೂ ‘ರ್ವ’. ಕೊನೆಯ ಸಾಲನ್ನು ಒಡೆದರೆ ಪರ್ವತವೆ, ಆದ, ಸರ್ವಜ್ಞ ಎಂದು ಮೂರು ಗಣ, ನಡುವಿನ ಪುಟ್ಟದ್ದೇ ಬ್ರಹ್ಮಗಣ. ಬಾಯಿಂದ ಬಾಯಿಗೆ ಬಂದ ತ್ರಿಪದಿಗಳಲ್ಲಿ ಗಣ ಅಲ್ಲಲ್ಲಿ ಸಡಿಲವಾಗಿರುತ್ತದೆ, ಪ್ರಾಸ ಬೇಗ ತಪ್ಪುವುದಿಲ್ಲ. ಪ್ರಾಸವೂ ಇಲ್ಲದೆ, ಮೇಲೆ ‘ಯಶಸ್ಸಿನ ಗುಟ್ಟು’, ‘ಸಕಾರಾತ್ಮಕ ಚಿಂತನೆ’ಯಂಥ ಪದಗಳಿದ್ದರೆ ಅದು ನಮ್ಮ ಕಾಲದ ಸರಕು. ಜರಡಿಯಲ್ಲಿ ಉಳಿದದ್ದೆಲ್ಲ ಸರ್ವಜ್ಞನದೇ ಎಂದಲ್ಲ. ಉಳಿಯದ್ದು ಅವನದಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಹಳಗನ್ನಡದ ಮಾತು ಬರೆಸುವಾಗ ಆಡಿದವರು ಕವಿಯೋ ಪಾತ್ರವೋ ಎಂದು ನೋಡಿ. ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿದೇಶಮಂ’ ಪಂಪ ಅರ್ಜುನನ ಬಾಯಲ್ಲಿ ಆಡಿಸಿದ್ದು, ವಿಕ್ರಮಾರ್ಜುನ ವಿಜಯದ 4ನೇ ಆಶ್ವಾಸದಲ್ಲಿ. ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎನ್ನುವುದು ಮುದ್ದಣನ ಮನೋರಮೆ. ಪಂಪನ ‘ತಾನೊಂದೆ ವಲಂ’ ಸಾಲಂತೂ ಮನುಷ್ಯಜಾತಿ, ಮಾನವಜಾತಿ, ಮಾನವಕುಲಂ ಎಂದು ಮೂರು ರೂಪದಲ್ಲಿ ಓಡಾಡುತ್ತಿದೆ. ಆದಿಪುರಾಣದ ಅಚ್ಚಾದ ಪ್ರತಿ ತೆರೆದು ಅದರಲ್ಲಿದ್ದಂತೆ ಬರೆಸಿ. ಕರ್ತೃವಿನ ಬಗ್ಗೆಯೇ ಚರ್ಚೆಯಿರುವಲ್ಲಿ ಕೃತಿಯ ಹೆಸರು ಸಾಕು: ‘ಕಾವೇರಿಯಿಂದಮಾ ಗೋದಾವರಿವರಮಿರ್ದ’ ಎಂಬುದರ ಕೆಳಗೆ ನೃಪತುಂಗನೋ ಶ್ರೀವಿಜಯನೋ ಎಂದು ತಲೆಕೆಡಿಸಿಕೊಳ್ಳದೆ ‘ಕವಿರಾಜಮಾರ್ಗ’ ಎನ್ನಿ. ರಾಜರತ್ನಂ ಅವರ ರತ್ನನ ‘ಮೂಗ್ನಲ್ ಕನ್ನಡ್ ಪದವಾಡ್ತೀನಿ’ಯನ್ನು ಶಿಷ್ಟ ಕನ್ನಡಕ್ಕೆ ತಿದ್ದುವ ಮೇಷ್ಟರುಗಳಿದ್ದಾರೆ, ದಯವಿಟ್ಟು ತಡೆಯಿರಿ. ‘ನಿಮಗೇಕೆ ಕೊಡಬೇಕು ಕಪ್ಪ’ ಮನೆಮಾತಾದದ್ದು 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದ ಸಂಭಾಷಣೆಯಾಗಿ. ಅದನ್ನು 1824ರ ದಾಖಲೆಯ ಮಾತಿನಂತೆ ಅಚ್ಚುಹಾಕುವುದು ಬೇಡ. ಚೆನ್ನಮ್ಮನ ಶೌರ್ಯಕ್ಕೆ ಅದರಿಂದ ಕೊರತೆಯೇನಾಗದು. ಇನ್ನು ವಿವೇಕಾನಂದರ ‘ಏಳಿ, ಎದ್ದೇಳಿ, ಗುರಿ ಮುಟ್ಟುವ ತನಕ ನಿಲ್ಲದಿರಿ’ ನಿಜವಾಗಿಯೂ ಅವರದು. ಬೇರು ಕಠೋಪನಿಷತ್ತಿನಲ್ಲಿದೆ, ಗುರಿಯ ಮಾತು ಅವರು ಸೇರಿಸಿದ್ದು.

ಮೂಲ ಸರಿಯಾಗಿ ಸಿಕ್ಕಿತು ಎನ್ನಿ. ಗೋಡೆಗೆ ಏರುವಷ್ಟರಲ್ಲಿ ಅದು ಇನ್ನೆರಡು ಕಡೆ ಕೆಡುತ್ತದೆ. ಮೊದಲನೆಯದು ಫ್ಲೆಕ್ಸ್ ಅಂಗಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಅರ್ಕಾವತ್ತನ್ನು (‘ರ್’ ಸೂಚಿಸುವ ಗುರುತು) ಅಕ್ಷರದ ನಂತರ ಕೂರಿಸುತ್ತಿದ್ದರು. ಯೂನಿಕೋಡಿಗೆ ಬದಲಿಸುವಾಗ ಅದು ಜಾಗ ತಪ್ಪಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ, ‘ಸರ್ವಜ್ಞ’ ಹೋಗಿ ‘ಸವರ್ಜ್ಞ’. ವಿನ್ಯಾಸದ ತಂತ್ರಾಂಶ ಹಳೆಯದಾಗಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಬಿಡಿಯಾಗಿ ನಿಲ್ಲುತ್ತದೆ. ಆದ್ದರಿಂದ ಅಂಗಡಿಗೆ ಪಠ್ಯವನ್ನು ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ವಿನ್ಯಾಸ ಮುಗಿದ ಮೇಲೆ ಪಿಡಿಎಫ್ ತರಿಸಿ, ಕಾಗದದಲ್ಲಿ ಮುದ್ರಿಸಿ, ಒಬ್ಬರು ಮೂಲ ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮುದ್ರಿತ ಹಾಳೆಯಲ್ಲಿ ಬೆರಳಿಟ್ಟು ನೋಡಬೇಕು. ಒಬ್ಬರೇ ಎರಡನ್ನೂ ಮಾಡಿದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದುತ್ತದೆ. ಸರಿಯಾಯಿತೆಂದ ಮೇಲೆ ಅಕ್ಷರಗಳನ್ನು ಚಿತ್ರರೂಪಕ್ಕೆ ಬದಲಿಸಿ ಮುದ್ರಣಕ್ಕೆ ಕೊಡಲು ಹೇಳಿ. ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ.

ಎರಡನೆಯದು ಪೇಂಟರ್. ಬಹುಪಾಲು ಪೇಂಟರುಗಳು ಮೊಬೈಲಿನ ಚಿತ್ರ ನೋಡಿಕೊಂಡೇ ಬರೆಯುತ್ತಾರೆ, ತಪ್ಪು ಅವರದಲ್ಲ. ಎ4 ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೈಗೆ ಕೊಡಿ, ಸಾಲು ಎಲ್ಲಿ ಮುರಿಯಬೇಕೆಂದೂ ಗುರುತು ಹಾಕಿ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ ಎಂಬುದು ಅಕ್ಷರಕ್ಕೆ ಒಂದು ಅಂದಾಜು. ಮೂವತ್ತು ಅಡಿ ದೂರದ ಮೈದಾನದಿಂದ ಮಕ್ಕಳು ಓದಬೇಕಾದರೆ ಮೂರು ಅಂಗುಲಕ್ಕೆ ಕಡಿಮೆ ಬೇಡ. ಕನ್ನಡಕ್ಕೆ ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವೆ ಅಕ್ಷರದ ಎತ್ತರದಷ್ಟಾದರೂ ಜಾಗ ಬಿಡಿಸಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ‘ಕ್ಷ’, ‘ಜ್ಞ’ ಗುರುತೇ ಸಿಗುವುದಿಲ್ಲ. ಚಾಕ್‌ಪೀಸಿನಲ್ಲಿ ಬರೆದಿರುವಾಗಲೇ ನೋಡಿ ಒಪ್ಪಿಗೆ ಕೊಡಿ. ಎನಾಮಲ್ ಬಳಿದ ಮೇಲೆ ಒಂದು ಅಕ್ಷರ ತಿದ್ದಲು ಹಿನ್ನೆಲೆಯ ಬಣ್ಣವನ್ನೂ ಮತ್ತೆ ಹೊಡೆಯಬೇಕು. ಆ ಖರ್ಚಿಗೆ ಅಂಜಿಯೇ ತಪ್ಪುಗಳು ವರ್ಷಗಟ್ಟಲೆ ಉಳಿದುಬಿಡುವುದು.

ಗೋಡೆಯ ಮೇಲೆ ಒಂದೆರಡು ಸಾಲು ಬರೆಸುವಾಗ ಸಾಮಾನ್ಯವಾಗಿ ಹಕ್ಕಿನ ತಕರಾರು ಏಳುವುದಿಲ್ಲ. ಕೈಪಿಡಿಯಲ್ಲೋ ಕ್ಯಾಲೆಂಡರಿನಲ್ಲೋ ಇಡೀ ಪದ್ಯ ಅಚ್ಚುಹಾಕಿಸುವುದಾದರೆ ಲೆಕ್ಕ ಬೇರೆ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ ಡಿ.ವಿ.ಜಿ.ಯವರದು 2035ರ ಕೊನೆಯವರೆಗೆ, ಬೇಂದ್ರೆಯವರದು 2041ರವರೆಗೆ, ಕುವೆಂಪು ಅವರದು 2054ರವರೆಗೆ. ಅನುಮತಿ ಕೇಳಿ.

ಈಗ ಇಲಾಖೆಗಳಿಂದ ನಾವು ಬಯಸುವುದು. ನೂರು ಮಾತುಗಳ ಒಂದು ಪಟ್ಟಿ ಸಾಕು, ಸಾವಿರ ಬೇಡ. ಪ್ರತಿಯೊಂದಕ್ಕೂ ಅಚ್ಚಾದ ಪಠ್ಯದಲ್ಲಿರುವಂತೆಯೇ ಮಾತು, ಹೇಳಿದವರು, ಕೃತಿ ಅಥವಾ ಭಾಷಣ, ವರ್ಷ ಅಥವಾ ಶತಮಾನ, ವಚನವಾದರೆ ಅಂಕಿತ. ಕತ್ತರಿಸಿದ್ದರೆ ಎಲ್ಲಿ ಕತ್ತರಿಸಿದೆ ಎಂಬುದಕ್ಕೆ ಮೂರು ಚುಕ್ಕೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ ಹಂಚಿದರೆ ಒಂದು ತಿಂಗಳಿಗಿಂತ ಹೆಚ್ಚು ಹಿಡಿಯದು. ಅದನ್ನು ಯೂನಿಕೋಡ್ ಪಠ್ಯವಾಗಿಯೂ ಮುದ್ರಿಸಬಹುದಾದ ಪಿಡಿಎಫ್ ಆಗಿಯೂ ಇಲಾಖೆಯ ಜಾಲತಾಣದಲ್ಲಿ ಇಡಿ. ಜೊತೆಗೆ ಒಂದು ಪುಟದ ಸುತ್ತೋಲೆ: ಪಟ್ಟಿಯ ಹೊರಗಿನ ಮಾತು ಬರೆಸುವ ಮುಖ್ಯ ಶಿಕ್ಷಕರು ಮೂಲದ ಪುಟದ ಫೋಟೊವನ್ನು ಶಾಲೆಯ ಕಡತದಲ್ಲಿ ಇಟ್ಟಿರಬೇಕು ಎಂದಿಷ್ಟೇ. ಈಗಾಗಲೇ ಗೋಡೆಯ ಮೇಲಿರುವುದನ್ನು ಕೆರೆಯಲು ಹಣ ಸುರಿಯಬೇಕಿಲ್ಲ. ಮುಂದಿನ ಸಲ ಸುಣ್ಣ ಬಣ್ಣ ಆಗುವಾಗ ಬದಲಿಸಿದರೆ ಆಯಿತು. ಬೇಸಿಗೆ ರಜೆಯಲ್ಲಿ ಬಣ್ಣದ ಕೆಲಸ ಶುರುವಾಗುವ ಮುಂಚೆ, ಅಂದರೆ ಮಾರ್ಚ್ ಕೊನೆಯೊಳಗೆ, ಪಟ್ಟಿ ಶಾಲೆಗಳ ಕೈ ಸೇರಲಿ.

ಮೊದಲ ನಮೂದು ಹೀಗಿರಬಹುದು:
‘... ಕಾಯಕವೆ ಕೈಲಾಸವಾದ ಕಾರಣ ...’
ಆಯ್ದಕ್ಕಿ ಮಾರಯ್ಯ, 12ನೇ ಶತಮಾನ. ಅಂಕಿತ: ಅಮರೇಶ್ವರಲಿಂಗ.

ಇಂತಿ ತಮ್ಮ ವಿಶ್ವಾಸಿಗಳು,
ಕರಡು ತಿದ್ದುವ ಕೆಲವರು